ಮಳೆ, ಧೂಳು ಕ್ಯಾಮೆರಾದೊಳಗೆ ಹೋಗುವುದು ಎಲ್ಲಿಂದ?

ಕ್ಯಾಮೆರಾ ಅಂಗಡಿಯಲ್ಲಿ ಈ ಮಾತು ಕೇಳಿಯೇ ಕೇಳುತ್ತೀರಿ: ‘ಇದು ವೆದರ್ ಸೀಲ್ಡ್ ಸರ್, ಮಳೇಲೂ ಆರಾಮಾಗಿ ತೆಗೀಬಹುದು.’ ಪೂರ್ತಿ ಸುಳ್ಳೇನಲ್ಲ. ಆದರೆ ಯಾವ ಮಳೆ? ಬೆಂಗಳೂರಿನಲ್ಲಿ ಸಂಜೆ ಹತ್ತು ನಿಮಿಷ ಬಂದು ಹೋಗುವ ಮಳೆಯೋ, ವರ್ಷಕ್ಕೆ 7,000 ಮಿಲಿಮೀಟರಿಗೂ ಜಾಸ್ತಿ ಸುರಿಯುವ ಆಗುಂಬೆಯ ಮಳೆಯೋ? ಜುಲೈನಲ್ಲಿ ಆಗುಂಬೆಯಲ್ಲಿ ಕಪ್ಪೆ ಫೋಟೋಗೆ ಕಾದು ಕೂತವರ ಕ್ಯಾಮೆರಾಕ್ಕೂ, ಏಪ್ರಿಲ್‌ನಲ್ಲಿ ಬಂಡೀಪುರದ ಸಫಾರಿ ಜೀಪಿನಲ್ಲಿ ಕೂತವರ ಕ್ಯಾಮೆರಾಕ್ಕೂ ಪೆಟ್ಟಿಗೆಯ ಮೇಲೆ ಒಂದೇ ಮಾತು ಬರೆದಿರುತ್ತದೆ. ಎದುರಾಗುವ ಕಷ್ಟ ಮಾತ್ರ ಬೇರೆ ಬೇರೆ.

ನನ್ನ ಪ್ರಕಾರ ಮೇಲೆ ಬಿದ್ದ ನಾಲ್ಕು ಹನಿಯಿಂದ ಕ್ಯಾಮೆರಾ ಸಾಯುವುದು ಅಪರೂಪ. ಒಳಗೆ ಹೋಗಿ ಅಲ್ಲೇ ಉಳಿದುಕೊಂಡ ತೇವ, ಧೂಳು ಅದನ್ನು ನಿಧಾನವಾಗಿ ಕೊಲ್ಲುತ್ತವೆ. ಆದ್ದರಿಂದ ಮೊದಲು ಗೊತ್ತಿರಬೇಕಾದದ್ದು ಒಳಗೆ ಹೋಗುವ ದಾರಿಗಳು. ಎರಡನೆಯದು, ಹೋದದ್ದನ್ನು ಎಷ್ಟು ಬೇಗ ಹೊರಗೆ ಹಾಕಬಹುದು ಅನ್ನುವುದು. ಯಾವ ಕವರ್ ಕೊಳ್ಳಬೇಕು ಅನ್ನುವ ಪ್ರಶ್ನೆ ಆಮೇಲೆ.

ಸೀಲ್ ಅಂದರೆ ಏನು?

ಕ್ಯಾಮೆರಾ ಬಾಡಿ ಅಂದರೆ ಹಲವು ತುಂಡುಗಳನ್ನು ಸ್ಕ್ರೂ ಹಾಕಿ ಜೋಡಿಸಿದ ಡಬ್ಬಿ. ತುಂಡುಗಳು ಸೇರುವ ಕಡೆ ರಬ್ಬರಿನದೋ ಫೋಮಿನದೋ ತೆಳು ಪಟ್ಟಿ ಕೂರಿಸಿರುತ್ತಾರೆ. ಅದೇ ಸೀಲ್. ಬಟನ್ ಕೆಳಗೆ, ಡಯಲ್ ತಿರುಗುವ ಕಡ್ಡಿಯ ಸುತ್ತ, ಬ್ಯಾಟರಿ ಬಾಗಿಲಿನ ಅಂಚಿನಲ್ಲಿ, ಕಾರ್ಡ್ ಹಾಕುವ ಬಾಗಿಲಿನಲ್ಲಿ ಇಂಥ ಪಟ್ಟಿಗಳಿರುತ್ತವೆ. ಇವು ನೀರನ್ನು ತಡೆಯುತ್ತವೆ ಅನ್ನುವುದಕ್ಕಿಂತ ತಡಮಾಡುತ್ತವೆ ಅನ್ನುವುದು ಸರಿ. ಹನಿ ಒಳಗೆ ಇಳಿಯುವ ಮೊದಲು ಒರೆಸಿಕೊಳ್ಳಲು ನಿಮಗೆ ಒಂದಷ್ಟು ಸಮಯ ಸಿಗುತ್ತದೆ. ಅಷ್ಟೇ. ರಬ್ಬರ್ ಹಳೆಯದಾದಷ್ಟೂ ಆ ಸಮಯ ಕಡಿಮೆಯಾಗುತ್ತಾ ಹೋಗುತ್ತದೆ.

ಬಾಡಿಗೆ ಸೀಲ್ ಇದ್ದ ಮಾತ್ರಕ್ಕೆ ಲೆನ್ಸಿಗೂ ಇರುತ್ತದೆ ಅಂದುಕೊಳ್ಳಬೇಡಿ. ಲೆನ್ಸ್ ಬಿಚ್ಚಿ ಹಿಂಬದಿ ನೋಡಿ. ಲೋಹದ ಉಂಗುರದ ಅಂಚಿಗೆ ತೆಳುವಾದ ರಬ್ಬರ್ ಎಳೆ ಕಂಡರೆ ಸರಿ. ಇಲ್ಲದಿದ್ದರೆ ಬಾಡಿ ಎಷ್ಟೇ ದುಬಾರಿಯಾಗಿರಲಿ, ಅವೆರಡೂ ಸೇರುವ ಕಡೆ ದಾರಿ ತೆರೆದೇ ಇದೆ. ಕ್ಯಾಮೆರಾ ಜೊತೆ ಬರುವ 18-55 ಥರದ (ಈ ಅಂಕಿಗಳು ಮಿಲಿಮೀಟರಿನಲ್ಲಿ ಜೂಮ್‌ನ ವ್ಯಾಪ್ತಿ) ಕಿಟ್ ಲೆನ್ಸುಗಳಲ್ಲಿ ಸಾಮಾನ್ಯವಾಗಿ ಈ ರಬ್ಬರ್ ಇರುವುದಿಲ್ಲ.

ಇನ್ನೊಂದು ವಿಚಿತ್ರವೂ ಇದೆ. ಕ್ಯಾನನ್‌ನ 17-40 ಎಫ್/4 ಎಲ್ ಒಳ್ಳೆಯ ಸೀಲ್ ಇರುವ ಲೆನ್ಸ್. ಆದರೆ ಮುಂದೆ ಒಂದು ಫಿಲ್ಟರ್, ಅಂದರೆ ಲೆನ್ಸಿನ ಬಾಯಿಗೆ ತಿರುಗಿಸಿ ಕೂರಿಸುವ ಚಪ್ಪಟೆ ಗಾಜು, ಹಾಕಿದರೆ ಮಾತ್ರ ಅದರ ಸೀಲ್ ಪೂರ್ತಿಯಾಗುತ್ತದೆ ಎಂದು ಕಂಪನಿಯೇ ಹೇಳುತ್ತದೆ. ಅದರ ಮುಂದಿನ ಗಾಜು ಚೌಕಟ್ಟಿನೊಳಗೆ ಹಿಂದಕ್ಕೂ ಮುಂದಕ್ಕೂ ಓಡಾಡುತ್ತದೆ, ಸುತ್ತಲಿನ ಸಂದಿಯನ್ನು ಮುಚ್ಚಲು ಬೇರೆ ದಾರಿಯಿಲ್ಲ. ಯುವಿ ಫಿಲ್ಟರ್ ಬೇಕಾ ಬೇಡವಾ ಅಂತ ಫೋಟೋಗ್ರಾಫರುಗಳು ವರ್ಷಗಟ್ಟಲೆ ಜಗಳ ಆಡಿದ್ದಾರೆ. ನನ್ನ ಲೆಕ್ಕ ಸರಳ. ಮಳೆ, ಧೂಳು, ಸಮುದ್ರ ಇರುವ ಕಡೆ ಹಾಕಿ. ಉಳಿದ ಕಡೆ ತೆಗೆದಿಡಿ, ಸುಮ್ನೆ ಬೆಳಕಿನ ದಾರಿಗೆ ಇನ್ನೊಂದು ಗಾಜು ಯಾಕೆ?

ಮೊಬೈಲಿನ ಮೇಲೆ ಐಪಿ67 ಅಂತ ಬರೆದಿರುತ್ತಾರಲ್ಲ, ಕ್ಯಾಮೆರಾ ಮೇಲೆ ಯಾಕೆ ಬರೆಯುವುದಿಲ್ಲ? ಐಪಿ ಅನ್ನುವುದು ಅಂತರರಾಷ್ಟ್ರೀಯ ಪರೀಕ್ಷೆಯ ಅಂಕ. ಮೊದಲ ಅಂಕಿ ಧೂಳಿನದ್ದು, 6 ಅಂದರೆ ಧೂಳು ಒಳಗೆ ಹೋಗುವುದೇ ಇಲ್ಲ. ಎರಡನೆಯದು ನೀರಿನದ್ದು, 7 ಅಂದರೆ ಒಂದು ಮೀಟರ್ ನೀರಿನಲ್ಲಿ 30 ನಿಮಿಷ ಇಟ್ಟರೂ ತೊಂದರೆಯಿಲ್ಲ. ಮೊಬೈಲಿನಲ್ಲಿ ತೆರೆಯುವ ಬಾಗಿಲೇ ಇಲ್ಲ ಅನ್ನುವಷ್ಟು ಕಡಿಮೆ. ಕ್ಯಾಮೆರಾದಲ್ಲಿ ಲೆನ್ಸ್ ಬದಲಾಗಬೇಕು, ಡಯಲ್ ತಿರುಗಬೇಕು, ಜೂಮ್ ಉದ್ದವಾಗಬೇಕು. ಅದಕ್ಕೇ ಬಹಳಷ್ಟು ಕಂಪನಿಗಳು ಅಂಕದ ಗೊಡವೆಗೆ ಹೋಗದೆ ‘ಧೂಳು ಮತ್ತು ತುಂತುರು ತಡೆಯುವಂತೆ ಮಾಡಲಾಗಿದೆ’ ಅಂತ ಬರೆದು ಸುಮ್ಮನಾಗುತ್ತವೆ. ಧೈರ್ಯ ಮಾಡಿ ಅಂಕ ಕೊಟ್ಟವರೂ ಇದ್ದಾರೆ. 2022ರಲ್ಲಿ ಬಂದ ಓಎಂ ಸಿಸ್ಟಮ್‌ನ ಓಎಂ-1 ಕ್ಯಾಮೆರಾಕ್ಕೆ ಐಪಿ53 ಇದೆ. ಇಲ್ಲಿ 5 ಅಂದರೆ ಸ್ವಲ್ಪ ಧೂಳು ಹೋಗಬಹುದು, ಕೆಲಸ ಕೆಡುವಷ್ಟಲ್ಲ. 3 ಅಂದರೆ ಮೇಲಿನಿಂದ, ನೆಟ್ಟಗಿನ ಗೆರೆಗೆ 60 ಡಿಗ್ರಿ ಓರೆಯಾಗುವವರೆಗೆ ಬೀಳುವ ಸಿಂಪರಣೆಯನ್ನು ತಡೆಯುತ್ತದೆ. ಕೆಳಗಿನಿಂದ ಚಿಮ್ಮಿದರೆ? ಅದರ ಬಗ್ಗೆ ಆ ಅಂಕ ಏನೂ ಹೇಳುವುದಿಲ್ಲ.

ಈ ಪರೀಕ್ಷೆಗಳೆಲ್ಲ ಹೊಸ ಕ್ಯಾಮೆರಾಕ್ಕೆ, ಲ್ಯಾಬಿನಲ್ಲಿ, ಸಿಹಿನೀರಿನಲ್ಲಿ ಮಾಡಿದವು. ಅಲ್ಲದೆ ವೆದರ್ ಸೀಲ್ಡ್ ಅಂತ ಮಾರಿದ ಕ್ಯಾಮೆರಾದಲ್ಲೂ ನೀರು ಹೊಕ್ಕರೆ ಸಾಮಾನ್ಯವಾಗಿ ವಾರಂಟಿ ಸಿಗುವುದಿಲ್ಲ. ಕೊಳ್ಳುವಾಗ ಆ ಸಣ್ಣ ಅಕ್ಷರ ಓದಿಕೊಳ್ಳಿ.

ಮಳೆಯಲ್ಲಿ

ಮಲೆನಾಡಿನಲ್ಲಿ ನಾಟಿಗೆ ಇಳಿದವರು ಹಾಕಿಕೊಳ್ಳುತ್ತಿದ್ದ ಗೊರಬು ನೋಡಿದ್ದೀರಾ? ತಲೆ, ಬೆನ್ನು ಮುಚ್ಚುತ್ತದೆ. ಮುಂದೆ, ಕೆಳಗೆ ತೆರೆದೇ ಇರುತ್ತದೆ. ಕೈಗೆ ಅಡ್ಡಿಯಿಲ್ಲ, ಒಳಗೆ ಬೆವರೂ ಕಟ್ಟುವುದಿಲ್ಲ. ಕ್ಯಾಮೆರಾಕ್ಕೆ ಹಾಕುವ ಮಳೆ ಕವರ್ ಕೂಡ ಹೀಗೇ ಇರಬೇಕು. ಸುತ್ತಲೂ ಬಿಗಿದು ಕಟ್ಟಿದರೆ ಕ್ಯಾಮೆರಾದ ಬಿಸಿ, ನಿಮ್ಮ ಕೈಯ ಬೆವರು, ಉಸಿರು ಎಲ್ಲ ಸೇರಿ ಪ್ಲಾಸ್ಟಿಕ್ಕಿನ ಒಳಗೇ ಹಬೆ ಕಟ್ಟುತ್ತದೆ. ಹೊರಗಿನ ಮಳೆ ತಡೆದು ಒಳಗೆ ಮಳೆ ಮಾಡಿಕೊಂಡ ಹಾಗಾಯಿತು.

ದುಬಾರಿ ಕವರ್ ಬೇಕೇ ಬೇಕು ಅಂತಿಲ್ಲ. ಗಟ್ಟಿಯಾದ ಪಾರದರ್ಶಕ ಪ್ಲಾಸ್ಟಿಕ್ ಕವರ್ ತೆಗೆದುಕೊಳ್ಳಿ. ಅದರ ಮುಚ್ಚಿದ ತುದಿಯಲ್ಲಿ ಲೆನ್ಸ್ ಹುಡ್‌ಗಿಂತ (ಲೆನ್ಸಿನ ಮುಂದೆ ಸಿಕ್ಕಿಸುವ ಕೊಳವೆಯಂಥ ಮರೆ) ಸ್ವಲ್ಪ ಚಿಕ್ಕ ತೂತು ಮಾಡಿ, ಹುಡ್ ಮೇಲೆ ಎಳೆದು ರಬ್ಬರ್ ಬ್ಯಾಂಡ್ ಹಾಕಿ. ತೆರೆದ ಬಾಯಿ ಹಿಂದಕ್ಕೆ, ಕೆಳಮುಖವಾಗಿ ಇಳಿಬಿಡಿ. ಅಲ್ಲಿಂದಲೇ ಕೈ ಹಾಕಿ ಕ್ಯಾಮೆರಾ ಹಿಡಿಯಬಹುದು. ಪ್ಲಾಸ್ಟಿಕ್ ಮೂಲಕ ವ್ಯೂಫೈಂಡರ್ ನೋಡುವುದು ಕಷ್ಟ. ಹಾಗಾಗಿ ಕಣ್ಣಿಡುವ ರಬ್ಬರ್ ಕಪ್ ಬಿಚ್ಚಿ, ಅಲ್ಲೊಂದು ಚಿಕ್ಕ ತೂತು ಮಾಡಿ, ಕವರಿನ ಹೊರಗಿನಿಂದ ಕಪ್ ಮತ್ತೆ ಸಿಕ್ಕಿಸಿ. ಪ್ಲಾಸ್ಟಿಕ್ ಅದರ ಅಡಿಯಲ್ಲಿ ಬಿಗಿಯಾಗಿ ಕೂರುತ್ತದೆ. ಹೋಟೆಲಿನ ಬಾತ್‌ರೂಮಿನಲ್ಲಿ ಇಡುವ ಶವರ್ ಕ್ಯಾಪ್ ಕೂಡ ತುರ್ತಿಗೆ ಸಾಕು. ಕ್ಯಾಮೆರಾ ಕುತ್ತಿಗೆಗೆ ನೇತುಹಾಕಿಕೊಂಡು ನಡೆಯುವಾಗ ಮೇಲಿಂದ ಮುಚ್ಚಿಬಿಡಬಹುದು.

ಮೇಲ್ಭಾಗದಲ್ಲಿ ಫ್ಲ್ಯಾಶ್ ಸಿಕ್ಕಿಸುವ ಹಾಟ್ ಶೂ ಇದೆಯಲ್ಲ, ಅದರ ಮೇಲೆ ಸದಾ ಮುಚ್ಚಳ ಇರಲಿ. ಕ್ಯಾಮೆರಾ ಜೊತೆ ಬಂದ ಆ ಪುಟ್ಟ ಪ್ಲಾಸ್ಟಿಕ್ ಚೂರನ್ನು ಮೊದಲ ವಾರವೇ ಕಳೆದುಕೊಳ್ಳುವವರೇ ಜಾಸ್ತಿ. ಮಳೆಯಲ್ಲಿ ಅಲ್ಲಿ ನೀರು ನಿಂತರೆ ಲೋಹದ ಚುಕ್ಕಿಗಳಿಗೆ ತುಕ್ಕು ಹಿಡಿಯುತ್ತದೆ. ಹೊರಗಿನ ಫ್ಲ್ಯಾಶ್ ಅಂತೂ ಮಳೆಯಲ್ಲಿ ಬೇಡ. ಅದರೊಳಗೆ ನೂರಾರು ವೋಲ್ಟ್ ಇರುತ್ತದೆ.

ಲೆನ್ಸ್ ಹುಡ್ ಮಳೆಗಾಲದಲ್ಲಿ ಮನೆಯಲ್ಲಿಡುವ ವಸ್ತುವಲ್ಲ. ಮಳೆ ನೆಟ್ಟಗೆ ಬೀಳುತ್ತಿದ್ದರೆ ಅರ್ಧ ಕೆಲಸ ಅದೇ ಮಾಡುತ್ತದೆ. ಗಾಳಿಗೆ ಬೆನ್ನು ಕೊಟ್ಟು ನಿಲ್ಲಿ. ಕಾಯುವಾಗ ಲೆನ್ಸ್ ನೆಲದ ಕಡೆ ಇರಲಿ. ಮುಂದಿನ ಗಾಜಿನ ಮೇಲೆ ಕೂತ ಧೂಳಿನ ಕಣ ಚಿತ್ರದಲ್ಲಿ ಕಾಣುವುದೇ ಇಲ್ಲ ಅನ್ನಬಹುದು. ನೀರಿನ ಹನಿ ಹಾಗಲ್ಲ. ಹನಿಯೇ ಒಂದು ಪುಟ್ಟ ಲೆನ್ಸ್, ಬೆಳಕನ್ನು ಬಾಗಿಸಿ ಚಿತ್ರದ ಆ ಭಾಗವನ್ನೇ ಮಸುಕು ಮಾಡುತ್ತದೆ. ಆದ್ದರಿಂದ ಒಣ ಮೈಕ್ರೋಫೈಬರ್ ಬಟ್ಟೆ ಒಂದಲ್ಲ, ನಾಲ್ಕೈದು ಇಟ್ಟುಕೊಳ್ಳಿ. ಆಗುಂಬೆ ಕಡೆ ಹೋದರೆ ಮೊದಲ ಅರ್ಧ ಗಂಟೆಯಲ್ಲೇ ಎರಡು ಒದ್ದೆಯಾಗಿರುತ್ತವೆ. ಬಾಡಿ ಒರೆಸಲು ಬೇರೆ ಹತ್ತಿ ಟವೆಲ್ ಇರಲಿ. ಒರೆಸುವಾಗ ಉಜ್ಜಬೇಡಿ, ಒತ್ತಿ ತೆಗೆಯಿರಿ. ಉಜ್ಜಿದರೆ ನೀರು ಸಂದಿಯೊಳಗೆ ಹೋಗುತ್ತದೆ.

ಹೊರಡುವ ಮೊದಲೇ ಪೂರ್ತಿ ಚಾರ್ಜ್ ಆದ ಬ್ಯಾಟರಿ, ದೊಡ್ಡ ಕಾರ್ಡ್ ಹಾಕಿಕೊಂಡರೆ ಮಳೆಯಲ್ಲಿ ಬಾಗಿಲು ತೆರೆಯುವ ಪ್ರಸಂಗವೇ ಬರುವುದಿಲ್ಲ. ಟಚ್ ಸ್ಕ್ರೀನ್ ಆಫ್ ಮಾಡಿ. ಮಳೆಹನಿಯನ್ನು ಬೆರಳು ಅಂದುಕೊಂಡು ಕ್ಯಾಮೆರಾ ತನ್ನಷ್ಟಕ್ಕೇ ಫೋಕಸ್ ಜಾಗ ಬದಲಿಸುತ್ತದೆ, ಕೆಲವೊಮ್ಮೆ ಮೆನುವಿಗೂ ಹೋಗಿಬಿಡುತ್ತದೆ. ಬ್ಯಾಗಿನ ಜೊತೆ ಬಂದ ಮಳೆ ಕವರ್ ನಂಬಿ ಕೂರಬೇಡಿ. ಅದು ಹೊರಮೈ ಮುಚ್ಚುತ್ತದೆ, ನಿಮ್ಮ ಬೆನ್ನಿನ ಮೇಲೆ ಇಳಿದ ನೀರು ಪಟ್ಟಿಗಳ ಕಡೆಯಿಂದ ಬ್ಯಾಗಿಗೆ ಇಳಿಯುತ್ತದೆ. ಬ್ಯಾಗಿನ ಒಳಗೇ ಒಂದು ದಪ್ಪ ಪ್ಲಾಸ್ಟಿಕ್ ಚೀಲ ಹಾಕಿ ಅದರೊಳಗೆ ಸಾಮಾನು ಇಡುವುದು ಇದಕ್ಕಿಂತ ಭದ್ರ.

ಉಂಬಳಗಳಿಗೆ (ಮಲೆನಾಡಿನ ಜಿಗಣೆಗಳಿಗೆ) ಹೆದರಿ ಮೈಕೈಗೆಲ್ಲ ಕ್ರೀಮು ಬಳಿದುಕೊಳ್ಳುವವರಿಗೆ ಒಂದು ಮಾತು. ಡೀಟ್ ಅನ್ನುವ ರಾಸಾಯನಿಕ ಇರುವ ಕ್ರೀಮು, ಸ್ಪ್ರೇಗಳು ಪ್ಲಾಸ್ಟಿಕ್ಕನ್ನು ಕರಗಿಸುತ್ತವೆ. ಅದೇ ಕೈಯಲ್ಲಿ ಹಿಡಿದರೆ ಕ್ಯಾಮೆರಾದ ಹಿಡಿ ಅಂಟಂಟಾಗುತ್ತದೆ, ಬರೆದ ಅಕ್ಷರ ಅಳಿಸುತ್ತದೆ. ಹಚ್ಚಿಕೊಳ್ಳುವುದಾದರೆ ಅಂಗೈ ಚೆನ್ನಾಗಿ ತೊಳೆದುಕೊಳ್ಳಿ. ಇಲ್ಲವೇ ಊರವರು ಮಾಡುವ ಹಾಗೆ ಉಪ್ಪು, ಸುಣ್ಣ, ನಶ್ಯದಲ್ಲೇ ಸುಧಾರಿಸಿ.

ಮೇಲೆ ಹೇಳಿದ ಗೊರಬಿನ ಲೆಕ್ಕ ಕೆಲಸ ಮಾಡದ ಜಾಗಗಳೂ ಇವೆ. ಮಳೆಗಾಲದಲ್ಲಿ ಮಡಿಕೇರಿ ಹತ್ತಿರದ ಅಬ್ಬಿ ಜಲಪಾತದ ಎದುರು ನಿಂತರೆ ನೀರು ಮೇಲಿಂದ ಬೀಳುವುದಿಲ್ಲ, ಎದುರಿನಿಂದ ಹಾರಿ ಬರುತ್ತದೆ. ಕರಾವಳಿಯ ಕಂಬಳದಲ್ಲಂತೂ ಕೆಳಗಿನಿಂದಲೇ ಚಿಮ್ಮುತ್ತದೆ. ಕನೆಹಲಗೆ ವಿಭಾಗದಲ್ಲಿ ಕೆಸರುನೀರು ಎಷ್ಟು ಎತ್ತರಕ್ಕೆ ಹಾರಿ ನಿಶಾನೆಯ ಬಟ್ಟೆಗೆ ತಾಗುತ್ತದೆ ಅನ್ನುವುದೇ ಸ್ಪರ್ಧೆ. ಇಂಥ ಕಡೆ ಕವರಿನ ಅಡಿಭಾಗವನ್ನೂ ಮುಚ್ಚಬೇಕು. ಹಬೆ ಕಟ್ಟುವ ಮೊದಲು ಚಕಚಕನೆ ಕೆಲಸ ಮುಗಿಸಿ ಬಿಚ್ಚಬೇಕು. ಕಂಬಳದ ನೀರಿನಲ್ಲಿ ಮಣ್ಣು ಬೆರೆತಿರುತ್ತದೆ ಅನ್ನುವುದನ್ನೂ ಮರೆಯಬೇಡಿ. ಒಣಗಿದ ಮೇಲೆ ಆ ಮಣ್ಣು ಡಯಲ್ಲುಗಳ ಸಂದಿಯಲ್ಲಿ ಗಟ್ಟಿಯಾಗಿ ಕೂರುತ್ತದೆ. ಒದ್ದೆ ಇರುವಾಗಲೇ ಹಿಂಡಿದ ಬಟ್ಟೆಯಿಂದ ತೆಗೆದುಬಿಡುವುದು ಸುಲಭ.

ಮಳೆಯೇ ಇಲ್ಲದೆ ಒದ್ದೆಯಾಗುವುದು

ರೆಸಾರ್ಟಿನ ಎಸಿ ರೂಮಿನಲ್ಲಿ ರಾತ್ರಿಯೆಲ್ಲ ಇದ್ದ ಕ್ಯಾಮೆರಾವನ್ನು ಬೆಳಗ್ಗೆ ಹೊರಗೆ ತಂದ ತಕ್ಷಣ ಲೆನ್ಸ್ ಬೆಳ್ಳಗಾಗುತ್ತದೆ. ಎದುರಿಗೆ ಒಳ್ಳೆಯ ಹಕ್ಕಿ ಕೂತಿರುತ್ತದೆ, ನೀವು ಒರೆಸುತ್ತಾ ನಿಂತಿರುತ್ತೀರಿ. ಒರೆಸಿದಷ್ಟೂ ಮತ್ತೆ ಮಂಜು. ಇದು ಬರೀ ಕಿರಿಕಿರಿಯಲ್ಲ. ಗಾಜಿನ ಹೊರಗೆ ಕಂಡದ್ದೇ ಒಳಗಿನ ಗಾಜುಗಳ ಮೇಲೆ, ಸರ್ಕ್ಯೂಟ್ ಮೇಲೆ ಕೂಡ ಕೂರಬಹುದು. ಗಾಳಿಯ ಜೊತೆಗೇ ತೇವ ಬರುವುದರಿಂದ ಸೀಲ್ ಇದನ್ನು ತಡೆಯುವುದಿಲ್ಲ.

ಕಾರಣ ಸುಲಭ. ಗಾಳಿಯಲ್ಲಿರುವ ನೀರಿನ ಆವಿ ಒಂದು ಮಟ್ಟಕ್ಕಿಂತ ತಣ್ಣಗಿರುವ ಮೇಲ್ಮೈಗೆ ತಾಗಿದರೆ ಹನಿಯಾಗುತ್ತದೆ. ಹೊರಗೆ 28 ಡಿಗ್ರಿ ಸೆಲ್ಸಿಯಸ್, ತೇವಾಂಶ ಶೇ 90 ಇದ್ದರೆ ಆ ಮಟ್ಟ ಸುಮಾರು 26 ಡಿಗ್ರಿ. ನಿಮ್ಮ ಎಸಿ 22ರಲ್ಲಿತ್ತು ಅಂದರೆ ಕ್ಯಾಮೆರಾ ಅದಕ್ಕಿಂತ ನಾಲ್ಕು ಡಿಗ್ರಿ ತಣ್ಣಗಿದೆ. ಮಂಜು ಕೂರಲೇಬೇಕು. ಅದೇ ಕ್ಯಾಮೆರಾ ಬಿಸಿಲಲ್ಲಿದ್ದು ಎಸಿ ರೂಮಿಗೆ ಬಂದರೆ ಹೀಗಾಗುವುದಿಲ್ಲ. ತಣ್ಣಗಿನಿಂದ ಬೆಚ್ಚಗಿನ ತೇವಕ್ಕೆ ಬರುವಾಗಲೇ ಅಪಾಯ.

ಪರಿಹಾರಕ್ಕೆ ಕಾಸು ಬೇಕಿಲ್ಲ. ರೂಮಿನೊಳಗೇ ಕ್ಯಾಮೆರಾವನ್ನು ಜಿಪ್ ಇರುವ ಪ್ಲಾಸ್ಟಿಕ್ ಕವರಿಗೆ ಹಾಕಿ ಮುಚ್ಚಿ, ಆಮೇಲೆ ಹೊರಗೆ ತನ್ನಿ. ಮಂಜು ಕವರಿನ ಮೇಲೆ ಕೂರುತ್ತದೆ, ಕ್ಯಾಮೆರಾ ಮೇಲಲ್ಲ. ಅರ್ಧ ಗಂಟೆ ಬಿಟ್ಟು ತೆಗೆಯಿರಿ, ದೊಡ್ಡ ಟೆಲಿ ಲೆನ್ಸಾದರೆ ಇನ್ನೂ ಸ್ವಲ್ಪ ಹೊತ್ತು. ಇದಕ್ಕಿಂತಲೂ ಸುಲಭ ಅಂದರೆ ಬ್ಯಾಗನ್ನು ರಾತ್ರಿ ಎಸಿ ಇಲ್ಲದ ಕಡೆ ಇಡುವುದು. ಈಗಾಗಲೇ ಮಂಜು ಕೂತಿದ್ದರೆ ಲೆನ್ಸ್ ಬಿಚ್ಚಬೇಡಿ. ಬಿಚ್ಚಿದರೆ ತೇವದ ಗಾಳಿ ಚಿತ್ರ ಹಿಡಿಯುವ ಸೆನ್ಸರ್ ತನಕ ಹೋಗುತ್ತದೆ. ಕಾರಿನಲ್ಲಿ ಹೋಗುವವರು ಎಸಿಯ ಗಾಳಿ ಬ್ಯಾಗಿಗೆ ನೇರ ಬಡಿಯದ ಹಾಗೆ ನೋಡಿಕೊಂಡರೂ ಸಾಕು.

ಧೂಳಿನ ಕಥೆ ಬೇರೆ

ನೀರು ಆರುತ್ತದೆ. ಧೂಳು ಆರುವುದಿಲ್ಲ. ಬೇಸಿಗೆಯಲ್ಲಿ ಕಬಿನಿ, ನಾಗರಹೊಳೆ, ಬಂಡೀಪುರ ಸಫಾರಿಗೆ ಹೋದವರಿಗೆ ಗೊತ್ತು. ಮುಂದಿನ ಜೀಪು ಎಬ್ಬಿಸಿದ ಕೆಂಪು ಧೂಳು ಹಿಂದಿನವರ ರೆಪ್ಪೆಯ ಮೇಲೂ ಕೂತಿರುತ್ತದೆ. ಡ್ರೈವರ್‌ಗೆ ‘ಸ್ವಲ್ಪ ಗ್ಯಾಪ್ ಬಿಡಿ ಅಣ್ಣಾ’ ಅನ್ನುವುದು ಯಾವ ಕವರಿಗಿಂತಲೂ ಒಳ್ಳೆಯ ಉಪಾಯ. ಪ್ರಾಣಿ ಇಲ್ಲದಾಗ ಕ್ಯಾಮೆರಾ, ಲೆನ್ಸ್ ಸೇರಿಸಿ ಹಳೆಯ ದಿಂಬಿನ ಕವರಿನೊಳಗೆ ಇಳಿಸಿಡಿ. ಹತ್ತಿ ಬಟ್ಟೆ ಧೂಳು ಹಿಡಿಯುತ್ತದೆ, ಬೇಕಾದಾಗ ಒಂದೇ ಎಳೆತಕ್ಕೆ ತೆಗೆಯಬಹುದು.

ಧೂಳು ಒಳಗೆ ಹೋಗಲು ದೊಡ್ಡ ದಾರಿ ಜೂಮ್ ಲೆನ್ಸ್. ಕೆಲವು ಲೆನ್ಸ್ ಜೂಮ್ ಮಾಡಿದಾಗ ಉದ್ದವಾಗುತ್ತವೆ. ಉದ್ದವಾದಾಗ ಒಳಗಿನ ಜಾಗ ಹೆಚ್ಚುತ್ತದೆ, ಆ ಜಾಗ ತುಂಬಲು ಹೊರಗಿನ ಗಾಳಿ ಒಳಗೆ ಬರಲೇಬೇಕು. ಗಾಳಿಯ ಜೊತೆ ಧೂಳೂ ಬರುತ್ತದೆ. ನಿಕಾನ್‌ನ ಹಳೆಯ 200-500, ಕ್ಯಾನನ್‌ನ ಆರ್‌ಎಫ್ 100-500 ಉದ್ದವಾಗುವ ಜಾತಿಯವು. ಸೋನಿಯ 200-600, ನಿಕಾನ್ ಝಡ್ 180-600 ಇವು ಒಳಗೊಳಗೇ ಜೂಮ್ ಆಗುತ್ತವೆ, ಉದ್ದ ಬದಲಾಗುವುದಿಲ್ಲ. ಧೂಳಿನ ಮಟ್ಟಿಗೆ ಎರಡನೆಯವು ವಾಸಿ. ಹಾಗಂತ ಮೊದಲಿನವು ಕೆಟ್ಟವಲ್ಲ, ಎಲ್ಲ ಕಡೆ ಗಾಳಿ ಆಡಲು ಸಂದಿ ಇರಲೇಬೇಕು. ಧೂಳು ಎದ್ದಿರುವಾಗ ಸುಮ್ನೆ ಜೂಮ್ ಉಂಗುರ ತಿರುಗಿಸುತ್ತಾ ಕೂರುವ ಅಭ್ಯಾಸ ಬಿಟ್ಟರೆ ಸಾಕು. ಉದ್ದಮಾಡಿದ ಲೆನ್ಸನ್ನು ಒಳಗೆ ಎಳೆಯುವ ಮೊದಲು ಹೊರಬಂದ ಕೊಳವೆಯನ್ನು ಒಮ್ಮೆ ಒರೆಸಿ.

ಇನ್ನೊಂದು ದಾರಿ ಲೆನ್ಸ್ ಬದಲಿಸುವಾಗ ತೆರೆಯುವ ದೊಡ್ಡ ಬಾಯಿ. ಸಫಾರಿಯಲ್ಲಿ ಬದಲಿಸಲೇಬೇಡಿ ಎಂದು ನಾನು ಹೇಳುತ್ತೇನೆ. ಹುಲಿ ಹತ್ತಿರ ಬಂದರೆ ಮುಖ ಮಾತ್ರ ಬರಲಿ, ಏನೀಗ? ಬದಲಿಸಲೇಬೇಕಾದರೆ ಕ್ಯಾಮೆರಾ ಆಫ್ ಮಾಡಿ, ಗಾಳಿಗೆ ಬೆನ್ನು ಹಾಕಿ, ಬಾಯಿ ಕೆಳಮುಖ ಮಾಡಿ. ಹಾಕುವ ಲೆನ್ಸಿನ ಹಿಂದಿನ ಮುಚ್ಚಳ ಮೊದಲೇ ಸಡಿಲ ಮಾಡಿಕೊಂಡಿರಿ. ಮಿರರ್‌ಲೆಸ್ ಕ್ಯಾಮೆರಾಗಳಲ್ಲಿ ಕನ್ನಡಿಯ ಮರೆ ಇಲ್ಲ, ಲೆನ್ಸ್ ತೆಗೆದರೆ ಸೆನ್ಸರ್ ನೇರ ಕಾಣುತ್ತದೆ. ಕ್ಯಾನನ್ ಇಒಎಸ್ ಆರ್ ಥರದ ಕೆಲವು ಮಾದರಿಗಳಲ್ಲಿ ಆಫ್ ಮಾಡಿದಾಗ ಶಟರ್ ಪರದೆ ಮುಚ್ಚಿಕೊಳ್ಳುತ್ತದೆ. ಒಳ್ಳೆಯ ಸೌಲಭ್ಯ. ಆದರೆ ಆ ಪರದೆ ಬಹಳ ನಾಜೂಕು, ಬೆರಳು ತಾಗಿದರೆ ಸೆನ್ಸರ್ ಧೂಳಿಗಿಂತ ದೊಡ್ಡ ಖರ್ಚು ಬರುತ್ತದೆ.

ಸೆನ್ಸರ್ ಮೇಲೆ ಧೂಳಿದೆಯಾ ಅಂತ ತಿಳಿಯುವುದು ಹೇಗೆ? ಅಪರ್ಚರ್ (ಲೆನ್ಸಿನಲ್ಲಿ ಬೆಳಕು ಬರುವ ತೂತು, ಅಂಕಿ ದೊಡ್ಡದಾದಷ್ಟೂ ತೂತು ಚಿಕ್ಕದು) ಎಫ್/16 ಅಥವಾ ಎಫ್/22 ಇಟ್ಟು, ಫೋಕಸ್ ತಪ್ಪಿಸಿ, ಬಿಳಿ ಗೋಡೆಯದೋ ಆಕಾಶದ್ದೋ ಫೋಟೋ ತೆಗೆಯಿರಿ. ಬೂದು ಚುಕ್ಕೆಗಳು ಕಂಡರೆ ಅದೇ ಧೂಳು. ಎಫ್/2.8ರಲ್ಲಿ ಅದೇ ಚುಕ್ಕೆ ಕಾಣುವುದಿಲ್ಲ. ಧೂಳು ಕೂರುವುದು ಸೆನ್ಸರ್ ಮೇಲಲ್ಲ, ಅದರ ಮುಂದಿನ ತೆಳು ಗಾಜಿನ ಮೇಲೆ. ಅಪರ್ಚರ್ ದೊಡ್ಡದಿದ್ದಾಗ ಬೆಳಕು ಎಲ್ಲ ಕೋನಗಳಿಂದ ಬಂದು ಕಣದ ನೆರಳನ್ನು ಕರಗಿಸಿಬಿಡುತ್ತದೆ. ತೂತು ಚಿಕ್ಕದಾದರೆ ಬೆಳಕು ಹೆಚ್ಚುಕಡಿಮೆ ಒಂದೇ ದಿಕ್ಕಿನಿಂದ ಬರುತ್ತದೆ, ನೆರಳು ಸ್ಪಷ್ಟವಾಗುತ್ತದೆ. ಹಂಪಿಯ ಬಂಡೆಗಳನ್ನು ಎಫ್/16ರಲ್ಲಿ ತೆಗೆಯುವವರು ಚುಕ್ಕೆಗಳ ಬಗ್ಗೆ ಗೋಳಾಡುತ್ತಾರೆ, ಎಫ್/4ರಲ್ಲಿ ಹಕ್ಕಿ ತೆಗೆಯುವವರು ಧೂಳೇ ಇಲ್ಲ ಅನ್ನುತ್ತಾರೆ. ಇಬ್ಬರ ಕ್ಯಾಮೆರಾದಲ್ಲೂ ಅಷ್ಟೇ ಧೂಳು ಇರಬಹುದು!

ಚುಕ್ಕೆ ಚಿತ್ರದ ಎಡಗಡೆ ಮೇಲೆ ಕಂಡರೆ, ಕ್ಯಾಮೆರಾವನ್ನು ಎದುರಿನಿಂದ ನೋಡುವಾಗ ಅದು ಎಡಗಡೆ ಕೆಳಗೆ ಇರುತ್ತದೆ. ಲೆನ್ಸ್ ಚಿತ್ರವನ್ನು ತಲೆಕೆಳಗು ಮಾಡಿರುತ್ತದೆ. ಸ್ವಚ್ಛ ಮಾಡಲು ಮೊದಲು ಕ್ಯಾಮೆರಾದ್ದೇ ಕ್ಲೀನಿಂಗ್ ಆಯ್ಕೆ ಬಳಸಿ. ಅದು ಆ ಗಾಜನ್ನು ಅತಿ ವೇಗವಾಗಿ ಅದುರಿಸಿ ಧೂಳು ಉದುರಿಸುತ್ತದೆ. 2003ರಲ್ಲಿ ಒಲಿಂಪಸ್ ತನ್ನ ಇ-1 ಕ್ಯಾಮೆರಾದಲ್ಲಿ ಇದನ್ನು ತಂದಿತು, ಆಮೇಲೆ ಉಳಿದವರೂ ಹಿಂಬಾಲಿಸಿದರು. ಅದಕ್ಕೂ ಹೋಗದಿದ್ದರೆ ಕೈಯಲ್ಲಿ ಒತ್ತುವ ರಬ್ಬರ್ ಬ್ಲೋವರ್. ಬಾಯಿಂದ ಊದಬೇಡಿ, ಎಂಜಲು ಹಾರುತ್ತದೆ. ಕಂಪ್ಯೂಟರ್ ಸ್ವಚ್ಛ ಮಾಡುವ ಗ್ಯಾಸ್ ಡಬ್ಬಿಯೂ ಬೇಡ, ಅದರೊಳಗಿನ ದ್ರವ ಚಿಮ್ಮಿ ಗಾಜಿನ ಮೇಲೆ ಕಲೆ ಉಳಿಯುತ್ತದೆ. ಬ್ಲೋವರ್‌ಗೂ ಜಗ್ಗದ ಅಂಟು ಧೂಳಿಗೆ ಸೆನ್ಸರಿನ ಅಳತೆಯ ಸ್ವಾಬ್ (ತುದಿಗೆ ಮೆತ್ತಗಿನ ಬಟ್ಟೆ ಇರುವ ಒರೆಸುವ ಕಡ್ಡಿ) ಸಿಗುತ್ತದೆ. ಕೈ ನಡುಗುವವರು ಆ ಕೆಲಸ ಸರ್ವಿಸ್‌ನವರಿಗೆ ಬಿಡುವುದು ಮೇಲು.

ಹೊರಗಿನ ಗಾಜಿಗೂ ಒಂದು ಕ್ರಮ ಇದೆ. ಮೊದಲು ಬ್ಲೋವರ್, ಆಮೇಲೆ ಮೆತ್ತಗಿನ ಬ್ರಷ್, ಕೊನೆಗೆ ಬಟ್ಟೆ. ನಮ್ಮ ರಸ್ತೆಯ ಧೂಳಿನಲ್ಲಿ, ಮರಳಿನಲ್ಲಿ ಇರುವ ಸ್ಫಟಿಕ ಶಿಲೆಯ ಕಣಗಳ ಗಡಸುತನ ಮೋಸ್ ಅಳತೆಯಲ್ಲಿ 7. ಸಾಮಾನ್ಯ ಗಾಜಿನದ್ದು 5.5ರ ಆಸುಪಾಸು. ಧೂಳು ಇರುವಾಗಲೇ ಅಂಗಿಯ ತುದಿಯಿಂದ ಉಜ್ಜಿದರೆ ಗೀರುವುದು ಯಾರು, ಗೀರಿಸಿಕೊಳ್ಳುವುದು ಯಾರು ಗೊತ್ತಾಯಿತಲ್ಲ?

ಬಾಗಲಕೋಟೆಯ ಹೋಳಿ ತೆಗೆಯಲು ಹೋಗುವವರಿಗೆ ಧೂಳು, ನೀರು ಎರಡೂ ಒಟ್ಟಿಗೇ ಸಿಗುತ್ತವೆ. ಬಣ್ಣದ ಪುಡಿ ಮಣ್ಣಿಗಿಂತ ನುಣುಪು, ಒದ್ದೆಯಾದರೆ ಸಂದಿಗಳಲ್ಲಿ ಅಂಟಿ ಕಲೆಯಾಗುತ್ತದೆ. ಅಲ್ಲಿಗೆ ಹಳೆಯ ಬಾಡಿ, ಒಂದೇ ಲೆನ್ಸ್, ಸಂದಿಗಳಿಗೆಲ್ಲ ಸುಲಭವಾಗಿ ಕೀಳುವ ಕಾಗದದ ಟೇಪ್. ಅಥವಾ ಮಹಡಿಯ ಮೇಲಿಂದ ತೆಗೆಯಿರಿ.

ಮಲ್ಪೆ, ಗೋಕರ್ಣ, ಕಾರವಾರದ ಕಡಲ ಗಾಳಿಯಲ್ಲಿ ಕಣ್ಣಿಗೆ ಕಾಣದ ಉಪ್ಪು ಇದೆ. ನೀರು ಆರಿದ ಮೇಲೂ ಉಪ್ಪು ಉಳಿಯುತ್ತದೆ, ಗಾಳಿಯ ತೇವ ಎಳೆದುಕೊಂಡು ಮತ್ತೆ ಮತ್ತೆ ಒದ್ದೆಯಾಗುತ್ತದೆ, ಸ್ಕ್ರೂಗಳನ್ನು ತಿನ್ನುತ್ತದೆ. ಸಂಜೆ ರೂಮಿಗೆ ಬಂದ ಮೇಲೆ ಸಿಹಿನೀರಲ್ಲಿ ಅದ್ದಿ ಗಟ್ಟಿಯಾಗಿ ಹಿಂಡಿದ ಬಟ್ಟೆಯಿಂದ ಬಾಡಿ ಒರೆಸಿ, ಆಮೇಲೆ ಒಣಬಟ್ಟೆ. ಟ್ರೈಪಾಡ್ ಕಾಲಿಗೆ ಮಾತ್ರ ಧಾರಾಳವಾಗಿ ನೀರು ಸುರಿಯಬಹುದು.

ಮನೆಗೆ ಬಂದ ಮೇಲೆ

ಮಳೆಯಲ್ಲಿ ಅಷ್ಟೆಲ್ಲ ಜೋಪಾನ ಮಾಡಿ, ಮನೆಗೆ ಬಂದು ಒದ್ದೆ ಬ್ಯಾಗಿನೊಳಗೇ ಕ್ಯಾಮೆರಾ ಬಿಟ್ಟು ಮಲಗುವವರು ಬಹಳ. ಫಂಗಸ್ ಹುಟ್ಟುವುದು ಅಲ್ಲೇ. ಅದರ ಬೀಜಕಣಗಳು ಎಲ್ಲ ಕಡೆ ಇರುತ್ತವೆ. ತೇವ, ಕತ್ತಲು, ಅಲುಗಾಡದ ಗಾಳಿ ಸಿಕ್ಕರೆ ಗಾಜಿನ ಮೇಲೆ ಎಳೆ ಎಳೆಯಾಗಿ ಹಬ್ಬುತ್ತದೆ. ಅದು ಬಿಡುವ ಆಮ್ಲ ಗಾಜಿನ ಲೇಪನವನ್ನು ತಿನ್ನುತ್ತದೆ. ಆಮೇಲೆ ಫಂಗಸ್ ತೆಗೆದರೂ ಗುರುತು ಉಳಿಯುತ್ತದೆ. ತೇವಾಂಶ ಶೇ 70 ದಾಟಿ ದಿನಗಟ್ಟಲೆ ಇದ್ದರೆ ಅಪಾಯ. ಮಳೆಗಾಲದಲ್ಲಿ ಮಲೆನಾಡು, ಕರಾವಳಿಯ ಮನೆಗಳಲ್ಲಿ 90ರ ಆಸುಪಾಸು ಇರುವುದು ಮಾಮೂಲು.

ಹಿಂದೆ ಬೀರುವಿನಲ್ಲಿ ಒಂದು ಸಣ್ಣ ಬಲ್ಬ್ ಉರಿಸಿಡುತ್ತಿದ್ದರು. ಮೂಢನಂಬಿಕೆಯೇನಲ್ಲ ಅದು. ಗಾಳಿ ಬೆಚ್ಚಗಾದರೆ ಅದೇ ನೀರಿನ ಆವಿಗೆ ತೇವಾಂಶದ ಶೇಕಡಾ ಇಳಿಯುತ್ತದೆ. 25 ಡಿಗ್ರಿಯಲ್ಲಿ ಶೇ 90 ಇದ್ದದ್ದು 29 ಡಿಗ್ರಿಗೆ ಹೋದರೆ ಸುಮಾರು ಶೇ 70 ಆಗುತ್ತದೆ. ಆದರೆ ಅದಕ್ಕೆ ತಂತಿ ಕಾಯುವ ಹಳೆಯ ಬಲ್ಬೇ ಬೇಕು. ಎಲ್‌ಇಡಿ ಹಾಕಿದರೆ ಬೀರುವಿನಲ್ಲಿ ಬೆಳಕು ಬರುತ್ತದೆ ಅಷ್ಟೇ.

ಈಗ ಸುಲಭದ ದಾರಿ ಅಂದರೆ ಅಡುಗೆಮನೆಯ ದೊಡ್ಡ ಏರ್‌ಟೈಟ್ ಡಬ್ಬಿ, ತೇವ ಹೀರುವ ಸಿಲಿಕಾ ಜೆಲ್ ಹರಳು, ತೇವ ತೋರಿಸುವ ಒಂದು ಪುಟ್ಟ ಮೀಟರ್. ಶೇ 40ರಿಂದ 50 ಇದ್ದರೆ ಚೆನ್ನ. ಇನ್ನೂ ಒಣಗಿಸುತ್ತೇನೆ ಅಂತ 30ಕ್ಕಿಂತ ಕೆಳಗೆ ಇಳಿಸಬೇಡಿ, ರಬ್ಬರ್, ಗ್ರೀಸ್‌ಗೆ ಅದು ಒಳ್ಳೆಯದಲ್ಲ. ಸಿಲಿಕಾ ಜೆಲ್ ನೀಲಿಯಿಂದ ಗುಲಾಬಿಗೆ ಅಥವಾ ಕಿತ್ತಳೆಯಿಂದ ಹಸಿರಿಗೆ ತಿರುಗಿದರೆ ಅದರ ಹೊಟ್ಟೆ ತುಂಬಿದೆ ಅಂತ ಅರ್ಥ. 100ರಿಂದ 120 ಡಿಗ್ರಿಯಲ್ಲಿ ಕಾಯಿಸಿದರೆ ಮತ್ತೆ ಬಳಸಬಹುದು. ನೀಲಿ ಜೆಲ್‌ನಲ್ಲಿ ಕೋಬಾಲ್ಟ್ ಕ್ಲೋರೈಡ್ ಎಂಬ ವಿಷ ಇರುತ್ತದೆ, ಅಡುಗೆ ಪಾತ್ರೆಯಲ್ಲಿ ಹುರಿಯಬೇಡಿ. ಕಿತ್ತಳೆಯದ್ದೇ ಕೊಳ್ಳಿ. ಲೆನ್ಸು ಜಾಸ್ತಿ ಇರುವವರು ಕರೆಂಟಿನ ಡ್ರೈ ಕ್ಯಾಬಿನೆಟ್ ಕೊಂಡರೆ ನಿಶ್ಚಿಂತೆ. ನುಸಿಗುಳಿಗೆ ಮಾತ್ರ ಹತ್ತಿರ ಇಡಬೇಡಿ, ಅದರ ಆವಿ ಗಾಜಿನ ಮೇಲೆ ಕೂರಬಹುದು. ಬಟ್ಟೆಯ ಬ್ಯಾಗು, ಲೆದರ್ ಕೇಸು ಎರಡೂ ಮಳೆಗಾಲದಲ್ಲಿ ತೇವದ ಗೋದಾಮುಗಳು. ಕ್ಯಾಮೆರಾ ಹೊರಗೆ ತೆಗೆದು, ಬ್ಯಾಗನ್ನು ಖಾಲಿ ಮಾಡಿ ಬಿಸಿಲಿಗೋ ಫ್ಯಾನಿಗೋ ಹಾಕಿ. ಎಲ್ಲಕ್ಕಿಂತ ಸುಲಭದ ಮದ್ದು, ವಾರಕ್ಕೊಮ್ಮೆಯಾದರೂ ಕ್ಯಾಮೆರಾ ಹೊರಗೆ ತೆಗೆದು ಬಳಸುವುದು.

ಇಷ್ಟೆಲ್ಲ ಮಾಡಿಯೂ ನೀರು ಒಳಗೆ ಹೋಯಿತು ಅಂದುಕೊಳ್ಳಿ. ವ್ಯೂಫೈಂಡರ್‌ನಲ್ಲಿ ಹನಿ, ಸ್ಕ್ರೀನ್ ಮಿಣುಕುತ್ತಿದೆ. ಆಗ ‘ಆನ್ ಆಗುತ್ತಾ ನೋಡೋಣ’ ಅನ್ನುವುದೇ ದೊಡ್ಡ ತಪ್ಪು. ನೀರು ಮತ್ತು ಕರೆಂಟ್ ಸೇರಿದಾಗ ಸರ್ಕ್ಯೂಟಿನ ಲೋಹ ಸವೆಯಲು ಶುರುವಾಗುತ್ತದೆ. ಮೊದಲು ಬ್ಯಾಟರಿ ತೆಗೆಯಿರಿ, ಆಮೇಲೆ ಕಾರ್ಡ್. ಹೊರಮೈ ಒರೆಸಿ. ಝಾಡಿಸಬೇಡಿ, ಒಂದು ಕಡೆ ಇದ್ದ ನೀರು ಎಲ್ಲ ಕಡೆ ಹರಡುತ್ತದೆ. ಹೇರ್ ಡ್ರೈಯರ್ ಬೇಡ, ಅದರ ಗಾಳಿ ನೀರನ್ನು ಇನ್ನೂ ಒಳಕ್ಕೆ ತಳ್ಳುತ್ತದೆ. ಅಕ್ಕಿ ಡಬ್ಬಿಯಲ್ಲಿ ಹೂತಿಡುವುದೂ ಬೇಡ, ಅದಕ್ಕೆ ಹೀರುವ ಶಕ್ತಿ ಕಡಿಮೆ, ಮೇಲಾಗಿ ಅಕ್ಕಿಯ ಪುಡಿ ಒಳಗೆ ಸೇರುತ್ತದೆ. ಒಣ ಕೋಣೆಗೆ ಬಂದ ಮೇಲೆ ಬಾಗಿಲುಗಳನ್ನೆಲ್ಲ ತೆರೆದು, ಲೆನ್ಸ್ ಬೇರೆ ಮಾಡಿ, ಸಿಲಿಕಾ ಜೆಲ್ ಇರುವ ಡಬ್ಬಿಯಲ್ಲಿ ಎರಡು ದಿನ ಬಿಡಿ.

ಇದು ಮಳೆನೀರಿನ ಮಾತು. ಸಮುದ್ರಕ್ಕೋ ಕೆಸರಿಗೋ ಬಿದ್ದಿದ್ದರೆ ಎರಡು ದಿನ ಕಾಯಬೇಡಿ. ಬ್ಯಾಟರಿ ತೆಗೆದು ಅವತ್ತೇ ಸರ್ವಿಸ್ ಸೆಂಟರಿಗೆ ಒಯ್ಯಿರಿ. ಅಲ್ಲಿ ‘ಸ್ವಲ್ಪ ಹನಿ ತಾಗಿತ್ತು ಸರ್’ ಅಂತ ಮರೆಮಾಚಬೇಡಿ. ಬಿಚ್ಚಿದ ಕೂಡಲೇ ಅವರಿಗೆ ಗೊತ್ತಾಗುತ್ತದೆ. ಯಾವ ನೀರು, ಎಷ್ಟು ಹೊತ್ತು, ಬಿದ್ದಾಗ ಕ್ಯಾಮೆರಾ ಆನ್ ಇತ್ತಾ, ಆಮೇಲೆ ಆನ್ ಮಾಡಿ ನೋಡಿದಿರಾ, ಇಷ್ಟನ್ನು ಸರಿಯಾಗಿ ಹೇಳಿದರೆ ಯಾವ ಬೋರ್ಡನ್ನು ಮೊದಲು ಬಿಚ್ಚಿ ತೊಳೆಯಬೇಕು ಅಂತ ಅವರು ಬೇಗ ತೀರ್ಮಾನಿಸುತ್ತಾರೆ.